ಮುಂದಿನ ಅಚ್ಚಿನ ಲಾಕರ್

ನನ್ನ ಮೈದುನ ಮಸ್ಕತ್‌ನಿಂದ ಹೇಳದೆ ಕೇಳದೆ ಬಂದಿಳಿದಾಗ ನಾನು ದೇವದುರ್ಗದ ನಮ್ಮ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಎಂಬತ್ತರ ದಶಕದ ಮೊದಮೊದಲ ವರ್ಷಗಳವು. ಅರಬ್ ದೇಶದಿಂದ ಬಂದವರನ್ನು ರಾಯಚೂರಿನಲ್ಲಿ ಅದಾಗಲೇ ನೋಡಿದ್ದೆ. ಕೈಯಲ್ಲಿ ಟೇಪ್ ರೆಕಾರ್ಡರ್, ಮೈಗೆ ಅತ್ತರು, ಕಣ್ಣಿಗೆ ಕರಿ ಕನ್ನಡಕ. ಇವನ ಹತ್ತಿರ ಅದೊಂದೂ ಇರಲಿಲ್ಲ. ಹೆಗಲಿಗೊಂದು ಬಟ್ಟೆಚೀಲ, ಬಲಗೈಯಲ್ಲಿ ಟವೆಲ್ಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದ ಒಂದು ಗಂಟು. ಗಂಟು ತೆಂಗಿನಕಾಯಿಗಿಂತ ದೊಡ್ಡದೇನಲ್ಲ, ಆದರೆ ಅದನ್ನು ಹಿಡಿದ ಕಡೆಯ ಭುಜ ಜಗ್ಗಿತ್ತು. ಕಟ್ಟೆಯ ಮೇಲೆ ಇಳಿಸಿದಾಗ ಕಲ್ಲಿಗೆ ಕಲ್ಲು ಬಡಿದ ಸಪ್ಪಳವಾಯಿತು.

"ಏನಪ್ಪ ಅದು?" ಅಂದೆ.

"ಲಾಕರ್ ರೀ, ಅತ್ತಿಗಿ."

ನಮ್ಮ ಪಕ್ಕದ ಮನೆಯ ಮುದುಕಿ ಗೋಡೆಯಾಚೆ ನಿಂತಿದ್ದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹಬ್ಬಿತು. ನರ್ಸಮ್ಮನ ಮೈದುನ ಅರಬ್ ದೇಶದಿಂದ ಲಾಕರ್ ತಂದಾನಂತ! ಲಾಕರ್ ಅಂದರೆ ನಮಗೆಲ್ಲ ಗೊತ್ತಿದ್ದುದು ಬ್ಯಾಂಕಿನ ಲಾಕರ್, ಇಲ್ಲವೇ ಕಬ್ಬಿಣದ ಅಲಮಾರಿಯೊಳಗೆ ಒಡವೆ ಇಡುವ ಕಳ್ಳಖಾನೆ. ಮುದುಕಿ ಮರುದಿನ ಬೆಳಿಗ್ಗೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು, "ಯವ್ವಾ, ಬಾಗಲಾ ಭದ್ರ ಹಾಕ್ಕೋರಿ," ಎಂದು ಕಿವಿಯಲ್ಲಿ ಹೇಳಿ ಹೋದಳು.

ನಾನು ಆಗ ದೇವದುರ್ಗದ ಸುತ್ತಲ ಹಳ್ಳಿಗಳಲ್ಲಿ ಬಾಣಂತನ, ಲಸಿಕೆ, ಗುಳಿಗೆ ಎಂದು ತಿರುಗುವ ನರ್ಸು. ನಮ್ಮಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿ ನನ್ನನ್ನು ಓದಿಸಿದವನು. ನಮ್ಮ ಮನೆಯಲ್ಲಿ ಬುದ್ಧನ ಪಟವೊಂದನ್ನು ಬಿಟ್ಟರೆ ಬೇರೆ ಯಾವುದರ ಮುಂದೆಯೂ ಕೈ ಮುಗಿಯುವ ರೂಢಿ ಇರಲಿಲ್ಲ, ಯಾರ ಮಾತನ್ನೂ ಮೊದಲ ಸಲಕ್ಕೇ ನಂಬುವ ರೂಢಿಯೂ ಇರಲಿಲ್ಲ. ನರ್ಸಿನ ಕೆಲಸ ಅದನ್ನು ಇನ್ನೂ ಗಟ್ಟಿ ಮಾಡಿತು. "ಗುಳಿಗಿ ತಗೊಂಡ್ಯಾ?" ಎಂದರೆ ಹೆಂಗಸರು ಹೌದೆಂದು ಗೋಣು ಹಾಕುತ್ತಿದ್ದರು. ನಾನು ಅವರು ಮಲಗುವ ಹೊರಸಿನ ಕೆಳಗೆ ಬಗ್ಗಿ ನೋಡುತ್ತಿದ್ದೆ. ಗುಳಿಗೆ ಅಲ್ಲೇ ಬಿದ್ದಿರುತ್ತಿದ್ದವು.

ನನ್ನ ಗಂಡನ ಸ್ವಭಾವ ಬೇರೆ. ಸದಾ ನಗುಮುಖ, ಕಡಿಮೆ ಮಾತು. ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಜೀಪೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. ಅದರ ಸ್ಟೇರಿಂಗು ಎಡಗಡೆ. ಗೇರಿನ ಪಕ್ಕದಲ್ಲಿ ಗಿಡ್ಡದೊಂದು ಲಿವರ್ ಇತ್ತು, ಅದನ್ನು ಮುಂದೆ ನೂಕಿದರೆ ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗಳ ಜೊತೆ ಮುಂದಿನ ಗಾಲಿಗಳಿಗೂ ಹೋಗುತ್ತಿತ್ತು. ಮದುವೆಯ ದಿಬ್ಬಣ, ಹತ್ತಿ ಬೀಜದ ಚೀಲ, ಹೊಟ್ಟೆನೋವಿನ ಪೇಷಂಟು ಏನಿದ್ದರೂ ಅವನನ್ನೇ ಕರೆಯುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಆ ಜೀಪೂ ಸೋಲುತ್ತಿತ್ತು. ಎರೆ ಮಣ್ಣು ಒಮ್ಮೆ ನೆನೆಯಿತೆಂದರೆ ಎಮ್ಮೆಯ ಬೆಣ್ಣೆಯಂತಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ.

ಮೈದುನ ಬಂದ ಮಾರನೆಯ ದಿನ ಗಂಟು ಬಿಚ್ಚಿದ. ಒಳಗಿದ್ದುದು ಹಲ್ಲುಹಲ್ಲಿನ ಉಕ್ಕಿನ ಬಿಲ್ಲೆಗಳು, ಕೆಲವು ಗೂಟ, ಸಣ್ಣ ಸ್ಪ್ರಿಂಗುಗಳು, ಎಲ್ಲಕ್ಕೂ ಗ್ರೀಸು ಬಳಿದಿತ್ತು.

"ಜೀಪಿನ ಎರಡು ಗಾಲಿ ನಡುವ ಡಿಫ್ರೆನ್ಶಲ್ ಅಂತ ಒಂದು ಗೇರಿನ ಗಡ್ಡಿ ಇರತದರಿ," ಎಂದು ನನಗೆ ತಿಳಿಸತೊಡಗಿದ. "ತಿರುವಿನ್ಯಾಗ ಹೊರಗಿನ ಗಾಲಿ ಜಾಸ್ತಿ ಓಡಬೇಕು, ಒಳಗಿಂದು ಕಡಿಮಿ. ಅದನ್ನ ಅದು ಹೊಂದಿಸತದ. ಕೆಸರಿನ್ಯಾಗ ಮಾತ್ರ ಅದೇ ಕೈ ಕೊಡತದ. ಜಾರೂ ಗಾಲಿಗೇ ಶಕ್ತಿಯೆಲ್ಲ ಹೋಗಿ ಅದು ಗಿರಗಿರ ತಿರಗತದ, ಗಟ್ಟಿ ನೆಲದ ಮ್ಯಾಲಿನ ಗಾಲಿ ಸುಮ್ನ ನಿಂದರತದ. ಇದನ್ನ ಒಳಗ ಕುಂದ್ರಿಸಿದ್ರ ಎರಡೂ ಕೂಡೇ ಜಗ್ಗತಾವ."

"ಎಲ್ಲಿ ಸಿಕ್ಕಿತು ನಿನಗ?"

"ಅಲ್ಲೆ ಗ್ಯಾರೇಜಿನ್ಯಾಗ ಇತ್ತು."

"ಕೊಟ್ಟರೋ, ತಂದ್ಯೋ?"

ಅವನು ಗಂಡನ ಮುಖ ನೋಡಿದ. ಗಂಡ ಮಾರಿ ತಿರುಗಿಸಿ, "ಚಾ ಮಾಡ್ತೀಯೇನು?" ಎಂದು ನನ್ನನ್ನು ಕೇಳಿದ.

ಅಲ್ಲಿಂದ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಮೈದುನ ಮಸ್ಕತ್‌ಗೆ ಹೋಗುವಾಗ ವರ್ಷಗಟ್ಟಲೆ ಬರುವುದಿಲ್ಲವೆಂದು ಹೇಳಿ ಹೋದವನು. ಈಗ ಅರ್ಧದಲ್ಲಿ ಬಂದಿದ್ದಾನೆ. ಯಾಕೆಂದರೆ, "ಕೆಲಸ ಮುಗೀತ್ರಿ," ಎನ್ನುತ್ತಾನೆ. ಇವನೇನು ಮೊದಲಿನಿಂದ ಅಣ್ಣನ ಜೀಪಿನ ಬಗ್ಗೆ ಕಾಳಜಿ ಇದ್ದವನಲ್ಲ. ಈಗ ಬಂದವನೇ ಊಟಕ್ಕಿಂತ ಮೊದಲು ಜೀಪಿನ ಕೆಳಗೆ ಮಲಗಿ ಮುಂದಿನ ಗಾಲಿಗಳ ಅಚ್ಚು ನೋಡಿದ್ದ. "ಅದೇ ನಮೂನಿ ಅದ," ಎಂದು ಅಣ್ಣನಿಗೆ ಹೇಳಿದ್ದ. ಯಾವುದರ ನಮೂನೆ? ನಾನು ಹತ್ತಿರ ಹೋದೆನೆಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಕದ್ದ ಮಾಲೇ ಇರಬೇಕು ಎಂದುಕೊಂಡೆ. ಮತ್ತೊಂದು ದಿನ, ಜೀಪಿನಲ್ಲಿ ಪಾಲು ಹೊಡೆಯುವ ಹುನ್ನಾರವಿರಬೇಕು ಎಂದುಕೊಂಡೆ. ಇನ್ನೊಂದು ದಿನ ಪಕ್ಕದ ಮನೆಯ ಮುದುಕಿಯ ಮಾತೇ ನಿಜವಿದ್ದರೂ ಇರಬಹುದು, ಆ ಭಾರ ಬರೀ ಉಕ್ಕಿನದ್ದಲ್ಲ ಅನ್ನಿಸಿತು.

ಆ ವಾರ ನನಗೆ ರಾಯಚೂರಿನಲ್ಲಿ ಮೀಟಿಂಗ್ ಇತ್ತು. ಹೋಗುವಾಗ ಆ ಬಿಲ್ಲೆಗಳಲ್ಲಿ ಒಂದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡೆ. ಮೀಟಿಂಗ್ ಮುಗಿದ ಮೇಲೆ ಕೋಟೆಯ ಕಡೆಯ ಸಂದಿಯಲ್ಲಿ ನಮ್ಮಪ್ಪನಿಗೆ ಗುರುತಿದ್ದ, ಬಂಗಾರದ ಕೆಲಸದ ಪತ್ತಾರನ ಅಂಗಡಿಗೆ ಹೋದೆ. ಅವನು ಬಿಲ್ಲೆಯನ್ನು ಬಟ್ಟೆಯಿಂದ ಒರೆಸಿ, ಒರೆಗಲ್ಲಿಗೆ ತಿಕ್ಕಿ, ಕಣ್ಣಿಗೆ ಹಿಡಿದು ನೋಡಿ, ಅರದಿಂದ ಅಂಚಿಗೆ ಒಂದು ಸಲ ಮುಟ್ಟಿಸಿದ. ಅರವೇ ಜಾರಿತು.

"ಯವ್ವಾ, ಇದನ್ನ ಬಂಗಾರ ಅಂತ ಯಾರು ಕೊಟ್ಟರು ನಿಮಗ?"

"ಯಾರೂ ಕೊಟ್ಟಿಲ್ಲ. ಸುಮ್ನ ಕೇಳಿದೆ."

"ಉಕ್ಕು. ಗಟ್ಟಿ ಉಕ್ಕು. ತಾಳಿ ಮಾಡಾಕ ಬರಂಗಿಲ್ಲ ನೋಡ್ರಿ."

ಮನೆಗೆ ಬಂದು ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ. ಮೈದುನ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಪತ್ತಾರ ಏನಂದನ್ರಿ, ಅತ್ತಿಗಿ?" ಎಂದ. ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಹಾಗೇ ನಿಂತಿತು. ಗಂಡ ನಕ್ಕುಬಿಟ್ಟ. ನಾನು ನಗಲಿಲ್ಲ. ಬಿಲ್ಲೆ ಕಾಣದ್ದನ್ನು ಗಮನಿಸಿ, ಎಲ್ಲಿಗೆ ಹೋಯಿತೆಂದು ಊಹಿಸಿಯೂ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದನೆಂದರೆ ಇವನು ಇನ್ನೂ ಏನೇನು ಮುಚ್ಚಿಟ್ಟಿರಬಹುದು ಎಂದೇ ನನ್ನ ಯೋಚನೆ ಓಡಿತು.

ಲಾಕರ್ ಕೂಡಿಸುವ ಕೆಲಸ ನಮ್ಮ ಅಂಗಳದಲ್ಲೇ ನಡೆಯಿತು. ನಾನು ರಜೆ ಹಾಕಿ ಕೂತು ನೋಡಿದೆ. ಜೀಪಿನ ಮೂತಿಯನ್ನು ಜಾಕಿನಿಂದ ಎತ್ತಿ ಕೆಳಗೆ ಕಲ್ಲು ಕೊಟ್ಟರು. ಮುಂದಿನ ಗಾಲಿಗಳನ್ನು ಬಿಚ್ಚಿದರು. ಗಾಲಿಗಳಿಂದ ನಡುವಿನ ಗಡ್ಡೆಗೆ ಹೋಗುವ ಉದ್ದನೆಯ ಸಲಾಕೆಗಳನ್ನು ಎರಡೂ ಕಡೆಯಿಂದ ಹೊರಗೆ ಜಗ್ಗಿದರು. ಗಡ್ಡೆಯ ಮುಚ್ಚಳ ತೆಗೆದಾಗ ಕಪ್ಪು ಎಣ್ಣೆ ಸುರಿಯಿತು. ಅದನ್ನು ಹಿಡಿಯಲು ನನ್ನ ಹಿಟ್ಟು ನಾದುವ ಪರಾತವನ್ನೇ ಒಯ್ದಿದ್ದರು, ಅದಕ್ಕೊಂದು ಜಗಳವಾಯಿತು. ಮೈದುನ ಒಳಗಿನ ಹಳೆಯ ಸಣ್ಣ ಗೇರುಗಳನ್ನು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಯಲ್ಲಿಟ್ಟ. ಆ ಜಾಗದಲ್ಲಿ ತಾನು ತಂದ ಬಿಲ್ಲೆಗಳನ್ನು ಕೂಡಿಸಿದ. ಬಿಲ್ಲೆಗಳ ನಡುವಿನ ಸಂದಿಗೆ ಕಾಗದದಷ್ಟು ತೆಳುವಾದ ಲೋಹದ ಪಟ್ಟಿ ತೂರಿಸಿ ನೋಡಿದ. ತೆಗೆದ. ಮತ್ತೆ ನೋಡಿದ. ಅಣ್ಣ, "ಸರಿ ಆತಲ್ಲೋ," ಎಂದರೂ ಇವನು ಪೂರಾ ಬಿಚ್ಚಿ ಮತ್ತೆ ಕೂಡಿಸಿದ. ಹಣೆಯಿಂದ ಬೆವರು ಸುರಿಯುತ್ತಿತ್ತು. ಮಸ್ಕತ್‌ನಲ್ಲಿ ಇದೇ ಕೆಲಸ ಮಾಡಿಕೊಂಡಿದ್ದವನು ಕೂಡಿಸಿದ್ದನ್ನೇ ಯಾಕೆ ಮತ್ತೆ ಕೂಡಿಸಬೇಕು?

ಎಲ್ಲ ಮುಗಿದ ಮೇಲೆ ಅವನು ಅಣ್ಣನನ್ನು ಸೀಟಿನ ಮೇಲೆ ಕೂಡಿಸಿ ಗಿಡ್ಡ ಲಿವರ್ ತೋರಿಸಿದ. "ಕೆಸರಿನ್ಯಾಗಷ್ಟೇ ಇದನ್ನ ಹಾಕಬೇಕು. ಡಾಂಬರಿಗೆ ಬಂದ ಕೂಡ್ಲೆ ತಗೀಬೇಕು. ಮರೀಬ್ಯಾಡ."

ಅದಾದ ಮೇಲೆ ಜೀಪು ಹೊರಗೆ ಹೋಗಿ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ. "ಲಿವರ್ ತಗದಿದ್ಯಾ?" ಊಟ ಮಾಡಿದೆಯಾ ಎಂದಾದರೂ ಕೇಳುತ್ತಿರಲಿಲ್ಲ. ಅಣ್ಣನ ಪಕ್ಕದಲ್ಲಿ ಕೂತರೆ ರಸ್ತೆ ನೋಡುತ್ತಿರಲಿಲ್ಲ, ಲಿವರನ್ನೇ ನೋಡುತ್ತಿದ್ದ. ಕೆಲವೊಮ್ಮೆ ತಿರುವಿನಲ್ಲಿ ಮೊದಲೇ ಇಳಿದು ನಿಂತು, ಜೀಪು ಹೇಗೆ ತಿರುಗುತ್ತದೆಂದು ಗಾಲಿಗಳ ಕಡೆ ಬಗ್ಗಿ ನೋಡುತ್ತಿದ್ದ. ತಿರುಗುವಾಗ ಮುಂದಿನ ಅಚ್ಚಿನಿಂದ ಟಿಕ್ ಟಿಕ್ ಎಂದು ಸಣ್ಣ ಸಪ್ಪಳ ಬರುತ್ತಿತ್ತು. "ಇದು ಯಾಕ?" ಎಂದರೆ, "ಅದರ ಗುಣನೇ ಹಂಗ್ರಿ," ಎನ್ನುತ್ತಿದ್ದ. ನನಗೋ ಅವನು ಜೀಪನ್ನು ಸುಧಾರಿಸಿದಂತೆ ಕಾಣಲಿಲ್ಲ. ಅದರೊಳಗೆ ಏನನ್ನೋ ಇಟ್ಟು, ಅದು ಯಾವಾಗ ಏನಾಗುತ್ತದೆ ಎಂದು ಕಾಯುತ್ತಿರುವವನಂತೆ ಕಂಡ.

ಮುಂಗಾರು ಹಿಡಿದಿತ್ತು. ಒಂದು ಮಧ್ಯಾಹ್ನ ಮಸರಕಲ್ ಕಡೆಯ ಒಂದು ಹೊಲದ ಮನೆಯಿಂದ ಒಬ್ಬ ಗಂಡಸು ಮೊಣಕಾಲವರೆಗೆ ಕೆಸರಾಗಿ ಓಡಿ ಬಂದ. ಹೆಂಡತಿಗೆ ಬೆಳಗಿನಿಂದ ಹೆರಿಗೆಯ ಬ್ಯಾನೆ, ಕೂಸು ಅಡ್ಡ ಇದೆಯೆಂದು ಸೂಲಗಿತ್ತಿ ಕೈಬಿಟ್ಟಿದ್ದಾಳೆ. ನಾನು, ಗಂಡ, ಮೈದುನ, ಆ ಮನುಷ್ಯ ನಾಲ್ವರೂ ಜೀಪಿನಲ್ಲಿ ಹೊರಟೆವು. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಾಗ ಮೈದುನನೇ ಲಿವರ್ ಮುಂದೆ ನೂಕಿದ. ಎರಡು ಹತ್ತಿ ಹೊಲಗಳ ನಡುವೆ ನೀರು ನಿಂತ ತಗ್ಗಿತ್ತು. ಪ್ರತಿವರ್ಷ ನಮ್ಮ ಜೀಪು ಹೂತುಹೋಗುತ್ತಿದ್ದ ಜಾಗವದು. ಎಡಗಡೆಯ ಗಾಲಿ ತಗ್ಗಿಗೆ ಇಳಿದು ಗಿರಕಿ ಹೊಡೆಯುವುದಕ್ಕೂ, ಬಲಗಡೆಯ ಗಾಲಿ ಗಟ್ಟಿ ದಂಡೆಯನ್ನು ಕಚ್ಚಿ ಹಿಡಿಯುವುದಕ್ಕೂ ಸರಿಹೋಯಿತು. ಎಂಜಿನ್ ನರಳಿತು, ಮೂತಿ ಮೇಲೆದ್ದಿತು, ಜೀಪು ಕೆಸರನ್ನು ಸೀಳಿಕೊಂಡು ದಾಟಿಬಿಟ್ಟಿತು. ಗಂಡ, "ಅಬ್ಬಾ!" ಎಂದು ತೊಡೆ ತಟ್ಟಿಕೊಂಡ. ನಾನು ತಿರುಗಿ ಮೈದುನನ ಮುಖ ನೋಡಿದೆ. ಅಲ್ಲಿ ಖುಷಿ ಇರಲಿಲ್ಲ.

ಬಸುರಿಯನ್ನು ಹೊರಸಿನ ಸಮೇತ ಹಿಂದೆ ಮಲಗಿಸಿಕೊಂಡು ಅದೇ ದಾರಿಯಲ್ಲಿ ವಾಪಸಾದೆವು. ಹೆಂಗಸಿನ ಚೀರಾಟ, ನನ್ನ ಕೈ ಅವಳ ಹೊಟ್ಟೆಯ ಮೇಲೆ. ಡಾಂಬರು ಹತ್ತಿದ ಕೂಡಲೇ ಗಂಡ ವೇಗ ಹೆಚ್ಚಿಸಿದ. ಮುಂದೆ ತಿರುವು.

"ಲಿವರ್!" ಎಂದು ಮೈದುನ ಕೂಗಿದ. "ಲಿವರ್ ತಗಿಯೋ, ಲೇ!"

ಅಣ್ಣನಿಗೆ ಅವನು ಎಂದೂ ಲೇ ಅಂದವನಲ್ಲ. ಗಂಡ ಸ್ಟೇರಿಂಗ್ ತಿರುಗಿಸುತ್ತಿದ್ದಾನೆ, ಮುಂದಿನ ಎರಡೂ ಗಾಲಿ ಕೂಡೇ ಜಗ್ಗುತ್ತ ಜೀಪು ತಿರುಗಲೊಲ್ಲದು, ನೆಟ್ಟಗೆ ರಸ್ತೆಯ ಅಂಚಿನ ಕಲ್ಲಿನ ಕಡೆ ಹೊರಟಿದೆ. ಮೈದುನ ಅಡ್ಡ ಬಿದ್ದು ಎರಡೂ ಕೈಯಿಂದ ಲಿವರ್ ಹಿಂದೆ ಜಗ್ಗಿದ. ಸ್ಟೇರಿಂಗ್ ಒಮ್ಮೆಲೇ ಹಗುರಾಯಿತು, ಜೀಪು ಹೊಯ್ದಾಡಿ ರಸ್ತೆಗೆ ಮರಳಿತು. ದೇವದುರ್ಗದ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಇದ್ದರು. ತಾಯಿ ಉಳಿದಳು, ಹೆಣ್ಣು ಕೂಸೂ ಉಳಿಯಿತು.

ನಾನು ಕೈ ತೊಳೆದುಕೊಂಡು ಹೊರಗೆ ಬಂದಾಗ ಮೈದುನ ಆಸ್ಪತ್ರೆಯ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಗಂಡ ಪಕ್ಕದಲ್ಲಿ ನಿಂತು ಅವನ ಬೆನ್ನು ಸವರುತ್ತಿದ್ದ.

"ಈಗ ಹೇಳು," ಅಂದೆ. "ಮಸ್ಕತ್‌ನ್ಯಾಗ ಏನಾತು?"

ಹೇಳಿದ. ಅಲ್ಲಿನ ಗ್ಯಾರೇಜಿಗೆ ಮರಳುಗಾಡಿನಲ್ಲಿ ಓಡುವ ಜೀಪುಗಳು ಬರುತ್ತಿದ್ದವು. ಅಂಥ ಒಂದಕ್ಕೆ ಅವನೇ ಮುಂದಿನ ಅಚ್ಚಿಗೆ ಲಾಕರ್ ಕೂಡಿಸಿ ಕೊಟ್ಟಿದ್ದ. ಅದು ಡಾಂಬರು ರಸ್ತೆಯ ತಿರುವಿನಲ್ಲಿ ತಿರುಗದೆ ನೇರ ಹೋಗಿ ಉರುಳಿತು. ಡ್ರೈವರ್ ಬದುಕಿದ, ಆದರೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕೂಡಿಸಿದವನದೇ ತಪ್ಪು ಎಂದರು. ಅಲ್ಲ, ಸಾಮಾನೇ ಕೆಟ್ಟದ್ದು ಎಂದು ಕೆಲವರೆಂದರು. ಮಾಲೀಕ ಇವನನ್ನು ಕೆಲಸ ಬಿಡಿಸಿ ಕಳಿಸಿದ. ಆ ಮುರುಕು ಜೀಪಿನಿಂದ ಬಿಚ್ಚಿದ ಲಾಕರನ್ನು ಗುಜರಿಗೆ ಎಸೆದಿದ್ದರು. ಅದನ್ನು ಕೇಳಿ ತೆಗೆದುಕೊಂಡು ಬಂದಿದ್ದ.

"ತಂದು ನಮ್ಮ ಜೀಪಿಗೆ ಹಾಕಿದಿ," ಅಂದೆ.

"ಹೌದ್ರಿ. ಅಚ್ಚು ಅದೇ ನಮೂನಿದು. ಸಾಮಾನು ಕೆಟ್ಟಿತ್ತೋ, ನನ್ನ ಕೈ ಕೆಟ್ಟಿತ್ತೋ ತಿಳಕೋಬೇಕಾಗಿತ್ತು."

ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಒಬ್ಬನ ಸೊಂಟ ಮುರಿದ ಉಕ್ಕನ್ನು ನಮ್ಮ ಅನ್ನದ ಜೀಪಿನೊಳಗೆ ಇಟ್ಟಿದ್ದ, ಅದರ ಮೇಲೆ ಒಬ್ಬ ಬಸುರಿಯನ್ನು ಮಲಗಿಸಿದ್ದೆವು. ಬಯ್ಯಲು ಬಾಯಿ ತೆರೆದವಳು ಗಂಡನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ನಿಮಗ ಗೊತ್ತಿತ್ತು," ಅಂದೆ.

"ಬಂದ ದಿನಾನ ಹೇಳಿದ್ದ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಒಪ್ಪತಿದ್ದಿಲ್ಲ."

ತಿಂಗಳುಗಟ್ಟಲೆ ನಾನು ಒಬ್ಬನ ಮೇಲೆಯೇ ಕಣ್ಣಿಟ್ಟಿದ್ದೆ. ಅವನ ಚೀಲ, ಅವನ ಕೈ, ಅವನ ಕಣ್ಣು ಎಲ್ಲಿ ಹೋಗುತ್ತವೆಂದು ನೋಡಿದ್ದೆ. ನನ್ನ ಪಕ್ಕದಲ್ಲಿ ಮಲಗುತ್ತಿದ್ದವನನ್ನು ಒಂದು ಸಲವೂ ನೋಡಿರಲಿಲ್ಲ. ಮನೆಗೆ ನಾನು ನಡೆದುಕೊಂಡೇ ಹೋದೆ.

ಎರಡು ದಿನದ ಮೇಲೆ ಒಂದು ಷರತ್ತು ಹಾಕಿದೆ. ಇನ್ನು ಮೇಲೆ ಈ ಜೀಪಿನಲ್ಲಿ ಪರರನ್ನು ಕೂಡಿಸುವ ಮೊದಲು, ಏನು ಪರೀಕ್ಷೆ ಮಾಡುವುದಿದೆಯೋ ಅದನ್ನು ಹಗಲಲ್ಲಿ, ಖಾಲಿ ರಸ್ತೆಯಲ್ಲಿ, ನನ್ನ ಕಣ್ಣೆದುರಿಗೆ ಮಾಡಬೇಕು.

ಹಾಗಾಗಿ ಒಂದು ಬೆಳಿಗ್ಗೆ ಮೂವರೂ ಮಾನ್ವಿಯ ಕಡೆ ಹೊರಟೆವು. ನೀರಮಾನ್ವಿಯ ಹತ್ತಿರ ಒಂದು ಅಗಲವಾದ ತಿರುವಿತ್ತು, ಎರಡೂ ಬದಿ ಬಯಲು. ಅಲ್ಲಿನ ಎಲ್ಲಮ್ಮನ ಗುಡಿಗೆ ಹೋಗುವವರು ಆ ದಿನ ಯಾರೂ ಇರಲಿಲ್ಲ. ಮೊದಲು ಲಿವರ್ ತೆಗೆದು ಓಡಿಸಿದರು, ಟಿಕ್ ಟಿಕ್ ಎಂದರೂ ಜೀಪು ಸಲೀಸಾಗಿ ತಿರುಗಿತು. ಆಮೇಲೆ ಲಿವರ್ ಹಾಕಿ ನಿಧಾನಕ್ಕೆ ಓಡಿಸಿದರು. ನಾನೂ ಹಿಂದೆ ಕೂತಿದ್ದೆ. ಬೇಡವೆಂದರೂ ಇಳಿಯಲಿಲ್ಲ. ಗಂಡ ಎದೆಯ ಬಲ ಹಾಕಿ ತಿರುಗಿಸಿದರೂ ಗಾಲಿಗಳು ಕಿರ್ರೆಂದು ಹಟ ಹಿಡಿದು ನೇರಕ್ಕೇ ಜಗ್ಗಿದವು. ಮೈದುನ ಕೈಯಿಂದ ಲಿವರ್ ತೆಗೆಯುತ್ತಲೇ ಸಡಿಲವಾಯಿತು. ಹಾಗೆ ಬೇರೆ ಬೇರೆ ವೇಗದಲ್ಲಿ ಹಲವು ಸಲ ಮಾಡಿದರು. ಸ್ಟೇರಿಂಗ್ ಹಿಡಿಯಲು ಮೈದುನನೂ ಕೂತ. ಮನೆಗೆ ಬಂದು ಅಚ್ಚು ಬಿಚ್ಚಿ ನೋಡಿದ. ಒಂದು ಹಲ್ಲೂ ಸವೆದಿರಲಿಲ್ಲ, ಒಂದು ಸ್ಪ್ರಿಂಗೂ ಕುಗ್ಗಿರಲಿಲ್ಲ.

"ಸಾಮಾನಿಂದು ತಪ್ಪಿಲ್ಲ," ಎಂದ. "ಕೂಡಿಸಿದ್ದೂ ತಪ್ಪಿಲ್ಲ. ಆ ಡ್ರೈವರ್ ಲಿವರ್ ತಗಿಲಿಲ್ಲ, ಅಷ್ಟೇ."

"ಹಂಗಾದ್ರ ಒಳ್ಳೇದಾತಲ್ಲೋ," ಎಂದ ಗಂಡ.

ಮೈದುನ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದ. ಒರೆಸುತ್ತಲೇ ನನ್ನ ಕಡೆ ತಿರುಗಿ ಹೇಳಿದ. "ಅತ್ತಿಗಿ, ಲಿವರ್ ಸುದ್ದಿ ಅವಗ ಹೇಳಿದ್ನೋ ಇಲ್ಲೋ, ನೆನಪಾಗವಲ್ದು. ಅವಗ ನನ್ನ ಹಿಂದಿ ಬರತಿದ್ದಿಲ್ಲ, ನನಗ ಅವನ ಮಾತು ಬರತಿದ್ದಿಲ್ಲ. ಕೈ ಸನ್ನಿ ಮಾಡಿದ್ದೆ ಅನಸತದ. ಅವ ಗೋಣು ಹಾಕಿದ್ದ ಅನಸತದ. ಅದು ಅವತ್ತಿಂದೋ, ಬ್ಯಾರೆ ದಿನದ್ದೋ."

ನಿನ್ನ ತಪ್ಪಿಲ್ಲ ಎನ್ನಲು ನನಗೇನು ಗೊತ್ತು? ಹಾಗೆಂದು ಬಯ್ಯುವ ಮನಸ್ಸೂ ಉಳಿದಿರಲಿಲ್ಲ. "ನಾ ಗುಳಿಗಿ ಕೊಡೂ ಮುಂದ ಬರೀ ಗೋಣು ಹಾಕಿದ್ರ ಬಿಡಂಗಿಲ್ಲ," ಎಂದೆ. "ನೀ ಹೇಳು, ಯಾವಾಗ ನುಂಗ್ತಿ, ಎಷ್ಟು ನುಂಗ್ತಿ ಅಂತ ಅವರ ಬಾಯಿಲೆ ಹೇಳಸ್ತೀನಿ." ಅವನು ಅದಕ್ಕೂ ಗೋಣು ಹಾಕಿದ. ಆಮೇಲೆ ತಾನೇ ಎಚ್ಚೆತ್ತು, "ಬಾಯಿಲೆ ಹೇಳಸಬೇಕು," ಎಂದ.

ಅವನು ಮತ್ತೆ ಪರದೇಶಕ್ಕೆ ಹೋಗಲಿಲ್ಲ. ರಾಯಚೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿಯ ಒಂದು ಶೆಡ್ಡು ಹಾಕಿದ. ಅವನ ಗಿರಾಕಿಗಳು ತಕರಾರು ಮಾಡುತ್ತಿದ್ದರೆಂದು ಗಂಡ ನಗುತ್ತ ಹೇಳುತ್ತಿದ್ದ. ಬ್ರೇಕು, ಕ್ಲಚ್ಚು ಯಾವುದನ್ನು ಸರಿಮಾಡಿದರೂ ಇವನು ಹೇಳಿದ್ದನ್ನು ಅವರು ತಿರುಗಿ ಒಪ್ಪಿಸುವವರೆಗೆ ಕೀಲಿ ಕೊಡುತ್ತಿರಲಿಲ್ಲವಂತೆ. ಗಂಡನ ವಿಷಯದಲ್ಲಿ ನಾನು ಬದಲಾದೆ. ಅವನು ನಕ್ಕು ಚಹಾ ಕೇಳಿದಾಗಲೆಲ್ಲ, ಈಗ ಯಾವ ಮಾತನ್ನು ಮರೆಮಾಡುತ್ತಿದ್ದಾನೆ ಎಂದು ಒಂದು ಕ್ಷಣ ಮುಖ ನೋಡುತ್ತಿದ್ದೆ. ಅವನಿಗೂ ಅದು ತಿಳಿದಿತ್ತು. "ಏನೂ ಇಲ್ಲ ಮಾರಾಯ್ತಿ, ಬರೀ ಚಾ," ಎನ್ನುತ್ತಿದ್ದ.

ಆ ದಶಕ ಮುಗಿಯುವ ಹೊತ್ತಿಗೆ ಜೀಪು ಹಿರೇಕೊಟ್ನೆಕಲ್‌ನ ಒಬ್ಬ ರೈತನಿಗೆ ಮಾರಾಟವಾಯಿತು. ಕೊಡುವ ಹಿಂದಿನ ದಿನ ಮೈದುನ ರಾಯಚೂರಿನಿಂದ ಬಂದು ಲಾಕರ್ ಬಿಚ್ಚಿ, ಡಬ್ಬಿಯಲ್ಲಿದ್ದ ಹಳೆಯ ಗೇರುಗಳನ್ನು ಕೂಡಿಸಿದ. ಗುರುತಿಲ್ಲದವರ ಕೈಗೆ ಅದನ್ನು ಕೊಡಲಾರೆ ಎಂದ.

ಮೊದಲ ಮಳೆಗಾಲದಲ್ಲೇ ಆ ರೈತ ನಮ್ಮ ಮನೆ ಬಾಗಿಲಿಗೆ ಬಂದು ನಿಂತ. "ನೀವು ಓಡಸೂ ಮುಂದ ಈ ಜೀಪು ಕೆಸರಿನ್ಯಾಗ ಎಲ್ಲೂ ಸಿಕ್ಕೊಳತಿದ್ದಿಲ್ಲಂತ. ನನ್ನ ಕೈಗೆ ಬಂದಮ್ಯಾಲೆ ಮೂರು ಸಲ ಎತ್ತು ಕಟ್ಟಿ ಎಳದೀನಿ. ಒಳಗಿಂದ ಏನೋ ತಗದೀರಿ ನೀವು. ಖರೆ ಹೇಳ್ರಿ." ಗಂಡ ಎಂದಿನಂತೆ ಚಹಾದ ಮಾತು ತೆಗೆಯುವುದರೊಳಗೆ ನಾನೇ ಮುಂದೆ ಹೋಗಿ, ಹೌದು, ತೆಗೆದಿದ್ದೇವೆ ಎಂದೆ. ಮಸ್ಕತ್, ತಿರುವು, ಲಿವರ್, ಬಸುರಿ ಎಲ್ಲವನ್ನೂ ಹೇಳಿದೆ. "ಬೇಕಂದ್ರ ನಮ್ಮ ಮೈದುನ ಬಂದು ಕೂಡಿಸಿ ಕೊಡ್ತಾನ. ಆದ್ರ ಲಿವರ್ ಯಾವಾಗ ತಗೀಬೇಕು ಅನ್ನೋದನ್ನ ನೀವು ಬಾಯಿಲೆ ಹೇಳಬೇಕು. ನಿಮ್ಮ ಜೀಪು ಓಡಸೋರೆಲ್ಲ ಹೇಳಬೇಕು."

ರೈತ ಕಟ್ಟೆಯ ಮೇಲೆ ಕೂತು ತಲೆಯ ಪಟಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಯೋಚಿಸಿದ. "ನಮ್ಮ ಮನ್ಯಾಗ ಅದನ್ನ ಐದು ಮಂದಿ ಓಡಸ್ತಾರ್ರಿ," ಎಂದ. "ಬ್ಯಾಡ ಬಿಡ್ರಿ, ಎತ್ತು ಅದಾವ." ಚಹಾ ಕುಡಿದು ಎದ್ದು ಹೋದ.